ಇಲ್ಲದ ಬ್ಯಾಂಡು ನಿಜವಾದ ಬಗೆ

1989ರಲ್ಲಿ ಇಂಗ್ಲೆಂಡಿನ ಕೆಲವೇ ಕೆಲವು ಸಂಗೀತಾಸಕ್ತರ ಕೈಗೆ ಒಂದು ಕ್ಯಾಸೆಟ್ ಬಂತು. ಹೆಸರು ‘ಟಾರ್ಕ್ವಿನ್ಸ್ ಸೀವೀಡ್ ಫಾರ್ಮ್’. ಸುಮಾರು 80 ನಿಮಿಷಗಳ ಸಂಗೀತ, ಜೊತೆಗೆ 8 ಪುಟಗಳ ಪುಟ್ಟ ಪುಸ್ತಿಕೆ. ಅದರಲ್ಲಿ ಪಾರ್ಕ್ಯುಪೈನ್ ಟ್ರೀ ಎಂಬ ಬ್ಯಾಂಡಿನ ಪೂರ್ವಾಪರ ಇತ್ತು. ಇವರು 70ರ ದಶಕದ ಯಾವುದೋ ರಾಕ್ ಉತ್ಸವದಲ್ಲಿ ಭೇಟಿಯಾದವರಂತೆ, ಜೈಲಿಗೂ ಹೋಗಿ ಬಂದವರಂತೆ. ಸದಸ್ಯರ ಹೆಸರುಗಳೋ, ಸರ್ ಟಾರ್ಕ್ವಿನ್ ಅಂಡರ್‌ಸ್ಪೂನ್, ತಿಮೊತಿ ಟ್ಯಾಡ್‌ಪೋಲ್-ಜೋನ್ಸ್. ಓದಿದವರಿಗೆ ಕಾಲದ ಧೂಳಿನಡಿ ಮರೆತುಹೋದ ಒಂದು ವಿಚಿತ್ರ ಬ್ಯಾಂಡು ಮತ್ತೆ ಸಿಕ್ಕಿತೆನಿಸಬೇಕು, ಹಾಗಿತ್ತು ಬರವಣಿಗೆ.

ಅಂಥ ಬ್ಯಾಂಡೇ ಇರಲಿಲ್ಲ. ಲಂಡನ್ನಿನ ವಾಯವ್ಯಕ್ಕಿರುವ ಹೆಮೆಲ್ ಹೆಂಪ್‌ಸ್ಟೆಡ್ ಊರಿನಲ್ಲಿ, ತಂದೆತಾಯಿಯರ ಮನೆಯ ಒಂದು ಕೋಣೆಯಲ್ಲಿ ಕೂತು 21 ವರ್ಷದ ಸ್ಟೀವನ್ ವಿಲ್ಸನ್ ಎಂಬ ಹುಡುಗ ಆ ಸಂಗೀತವನ್ನು ಹೆಚ್ಚುಕಡಿಮೆ ಒಬ್ಬನೇ ಮಾಡಿದ್ದ. ಗಿಟಾರು ಅವನದೇ, ಕೀಬೋರ್ಡು ಅವನದೇ, ಹಾಡಿದ್ದೂ ಅವನೇ. ತಾಳಕ್ಕೆ ಡ್ರಮ್ ಮಷೀನು. 1987ರಲ್ಲಿ ಮಾಲ್ಕಂ ಸ್ಟಾಕ್ಸ್ ಎಂಬ ಗೆಳೆಯನ ಜೊತೆ ಸೇರಿ ತಮಾಷೆಗೆಂದು ಹುಟ್ಟುಹಾಕಿದ ಹೆಸರು ಪಾರ್ಕ್ಯುಪೈನ್ ಟ್ರೀ. ಇಬ್ಬರೂ ಕೂಡಿ ಇಲ್ಲದ ಬ್ಯಾಂಡಿಗೆ ಇತಿಹಾಸ ಬರೆದರು. ಆ ಇತಿಹಾಸಕ್ಕೆ ಸಾಕ್ಷಿ ಬೇಕಲ್ಲ ಎಂದು ವಿಲ್ಸನ್ ಸಂಗೀತ ಮಾಡತೊಡಗಿದ. ಸಂಗೀತ ಮೊದಲು ಬಂದು ಬ್ಯಾಂಡಿನ ಕಥೆ ಆಮೇಲೆ ಹುಟ್ಟುವುದು ಲೋಕರೂಢಿ. ಇಲ್ಲಿ ಕಥೆಯೇ ಮೊದಲು ಹುಟ್ಟಿತ್ತು.

ಒಬ್ಬನೇ ಕೂತು ಇಡೀ ಬ್ಯಾಂಡಿನ ಸದ್ದು ಮಾಡುವುದು ಆ ಹುಡುಗನಿಗೆ ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಉತ್ತರ ಅವನ ಮನೆಯಲ್ಲೇ ಇದೆ. 1967ರ ನವೆಂಬರ್ 3ರಂದು ಹುಟ್ಟಿದ ವಿಲ್ಸನ್‌ಗೆ ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು ಎರಡು ಎಲ್‌ಪಿಗಳು. ಒಂದು ಕ್ರಿಸ್‌ಮಸ್‌ಗೆ ತಾಯಿ ತಂದೆಗೆ ಕೊಟ್ಟದ್ದು ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’. ತಂದೆ ತಾಯಿಗೆ ಕೊಟ್ಟದ್ದು ಡೋನಾ ಸಮ್ಮರ್‌ಳ ‘ಲವ್ ಟು ಲವ್ ಯೂ ಬೇಬಿ’. ಮೊದಲನೆಯದು ಹಾಡಿನಿಂದ ಹಾಡಿಗೆ ತುಂಡಾಗದೆ ಹರಿಯುವ ರಾಕ್. ಎರಡನೆಯದರ ಶೀರ್ಷಿಕೆಗೀತೆ ಎಲ್‌ಪಿಯ ಒಂದು ಮಗ್ಗುಲನ್ನೇ ತುಂಬುವ, ಒಂದೇ ತಾಳದ ಮೇಲೆ ಮತ್ತೇರಿಸುವ ಡಿಸ್ಕೊ. ಮುಂದೆ ಅರ್ಧ ಗಂಟೆಯ ಹಾಡುಗಳನ್ನು ಕಟ್ಟುವ ಧೈರ್ಯದ ಬೇರು ಈ ಎರಡು ಕಾಣಿಕೆಗಳಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು. ಇದಕ್ಕಿಂತ ದೊಡ್ಡ ಕಾಣಿಕೆ ತಂದೆಯ ಕೈಕೆಲಸದಿಂದ ಬಂತು. ಎಲೆಕ್ಟ್ರಾನಿಕ್ಸ್ ಎಂಜಿನಿಯರಾಗಿದ್ದ ಅವರು ಮಗನಿಗೆ ಹಲವು ಟ್ರ್ಯಾಕುಗಳ ಟೇಪ್ ಯಂತ್ರವೊಂದನ್ನು ಮನೆಯಲ್ಲೇ ಕಟ್ಟಿಕೊಟ್ಟರು. ಒಂದು ಸಲ ಗಿಟಾರು ನುಡಿಸಿ ಮುದ್ರಿಸು, ಟೇಪನ್ನು ಹಿಂದಕ್ಕೆ ಸುತ್ತು, ಅದರ ಮೇಲೆ ಕೀಬೋರ್ಡು ಹಾಕು, ಮತ್ತೆ ಸುತ್ತು, ಮತ್ತೊಂದು ದನಿ ಸೇರಿಸು. ಹದಿಹರೆಯದಲ್ಲೇ ಆ ಹುಡುಗನಿಗೆ ಜೊತೆಗಾರರಿಲ್ಲದೆ ಸಂಗೀತ ಮಾಡುವ ಕಸುಬು ಕೈಗೂಡಿತು.

ಕ್ಯಾಸೆಟ್ ತಲುಪಿದವರಲ್ಲಿ ಒಬ್ಬರು ಬೆವಿಸ್ ಫ್ರಾಂಡ್ ಹೆಸರಿನಲ್ಲಿ ತಾವೂ ಏಕಾಂಗಿಯಾಗಿ ಸಂಗೀತ ಮಾಡುತ್ತಿದ್ದ ನಿಕ್ ಸಾಲೊಮನ್. ಅವರು ಇದನ್ನು ರಿಚರ್ಡ್ ಅಲೆನ್‌ಗೆ ಕಳಿಸು ಎಂದರು. ಅಲೆನ್ ಅವರು ಐವರ್ ಟ್ರೂಮನ್ ಜೊತೆ ಸೇರಿ ‘ಫ್ರೀಕ್‌ಬೀಟ್’ ಎಂಬ ಪತ್ರಿಕೆ ನಡೆಸುತ್ತಿದ್ದರು. 60ರ ದಶಕದ ಸೈಕೆಡೆಲಿಕ್ ಸಂಗೀತಕ್ಕೆ ಮರುಜೀವ ಬರಬೇಕೆಂದು ಹಂಬಲಿಸುತ್ತಿದ್ದ ಸಣ್ಣ ಬಳಗವದು. ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ ಇಂಥ ಬಳಗಗಳು ಅಂಚೆಯ ಮೂಲಕ ಕ್ಯಾಸೆಟ್ಟು, ಕೈಪತ್ರಿಕೆಗಳನ್ನು ಹಂಚಿಕೊಂಡು ಉಸಿರಾಡುತ್ತಿದ್ದ ಕಾಲ. ಪತ್ರಿಕೆಯಲ್ಲಿ ಮೆಚ್ಚುಗೆಯ ವಿಮರ್ಶೆ ಬಂತು. ಮುಂದೆ ಅಲೆನ್ ಮತ್ತು ಟ್ರೂಮನ್ ‘ಡೆಲೀರಿಯಂ’ ಎಂಬ ಧ್ವನಿಮುದ್ರಣ ಸಂಸ್ಥೆ ತೆರೆದಾಗ ವಿಲ್ಸನ್‌ನ ಒಂದು ರಚನೆ ಅವರ ಸಂಕಲನದಲ್ಲಿ ಸೇರಿತು. ಅದರ ಹೆಸರು ‘ರೇಡಿಯೊಆ್ಯಕ್ಟಿವ್ ಟಾಯ್’. 1992ರಲ್ಲಿ ಹಳೆಯ ಕ್ಯಾಸೆಟ್ಟುಗಳಿಂದ ಆಯ್ದ ರಚನೆಗಳೆಲ್ಲ ‘ಆನ್ ದ ಸಂಡೇ ಆಫ್ ಲೈಫ್’ ಎಂಬ ಹೆಸರಿನಲ್ಲಿ ಜೋಡಿ ಎಲ್‌ಪಿಯಾಗಿ ಹೊರಬಂದವು. ಮೊದಲಿಗೆ ಅಚ್ಚಾದದ್ದು 1000 ಪ್ರತಿ. ಆ ಆಲ್ಬಮ್ಮಿನ ಬಹಳಷ್ಟು ಹುಡುಗಾಟ ಇಂದು ಕೇಳಲು ತುಸು ಕಷ್ಟವೇ. ಆದರೆ ‘ರೇಡಿಯೊಆ್ಯಕ್ಟಿವ್ ಟಾಯ್’ನಲ್ಲಿ ಕೀಟಲೆ ಇಲ್ಲ. ನಿಧಾನವಾಗಿ ಏರುವ ಗಿಟಾರು, ಅದರ ಕೆಳಗೊಂದು ವಿಷಾದ. ವಿಲ್ಸನ್ ತನ್ನದೇ ದನಿಯಲ್ಲಿ ಮಾತಾಡಿದ್ದು ಅಲ್ಲಿಂದಲೇ ಶುರು.

ಇಷ್ಟೊತ್ತಿಗೆ ವಿಲ್ಸನ್‌ನ ಮುಖ್ಯ ಕಸುಬು ಬೇರೆಯೇ ಇತ್ತು ಎಂಬುದನ್ನು ಮರೆಯಬಾರದು. ಗಾಯಕ ಟಿಮ್ ಬೌನೆಸ್ ಜೊತೆಗಿನ ‘ನೋ-ಮ್ಯಾನ್’ ಎಂಬ ಜೋಡಿ ‘ಒನ್ ಲಿಟ್ಲ್ ಇಂಡಿಯನ್’ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಹೆಸರು ಮಾಡುವುದು ನೋ-ಮ್ಯಾನ್, ಪಾರ್ಕ್ಯುಪೈನ್ ಟ್ರೀ ಏನಿದ್ದರೂ ಮನೆಯೊಳಗಿನ ಹವ್ಯಾಸ ಎಂಬ ಲೆಕ್ಕ. ಆ ಒಪ್ಪಂದದ ದುಡ್ಡಿನಿಂದ ಒಳ್ಳೆಯ ಸಲಕರಣೆಗಳು ಮನೆಗೆ ಬಂದವು, ಅವುಗಳ ಲಾಭ ಹವ್ಯಾಸಕ್ಕೂ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ ನೋ-ಮ್ಯಾನ್ ಮನುಷ್ಯರನ್ನು ತಂದುಕೊಟ್ಟಿತು. 1982ರಲ್ಲಿ ಒಡೆದುಹೋಗಿದ್ದ ‘ಜಪಾನ್’ ಎಂಬ ಪ್ರಸಿದ್ಧ ಬ್ರಿಟಿಷ್ ಬ್ಯಾಂಡಿನ ಮೂವರು ಹಳಬರು 1992ರಲ್ಲಿ ನೋ-ಮ್ಯಾನ್ ಜೊತೆ ವೇದಿಕೆಯಲ್ಲಿ ನುಡಿಸಿದರು. ಅವರಲ್ಲೊಬ್ಬರು ಕೀಬೋರ್ಡ್ ವಾದಕ ರಿಚರ್ಡ್ ಬಾರ್ಬಿಯೇರಿ. ವಿಲ್ಸನ್‌ಗಿಂತ ಹತ್ತು ವರ್ಷ ದೊಡ್ಡವರು. ಬೆರಳ ವೇಗ ತೋರಿಸುವ ವಾದಕರಲ್ಲ, ಸಿಂತಸೈಜರಿನ ಒಂದು ಸದ್ದನ್ನು ಗಂಟೆಗಟ್ಟಲೆ ತಿದ್ದಿ ತೀಡಿ ಅದಕ್ಕೊಂದು ಬಣ್ಣ ಬರಿಸುವವರು.

1992ರಲ್ಲೇ ಬಂದ ‘ವಾಯೇಜ್ 34’ ಎಂಬ ಸಿಂಗಲ್ ಏಕಾಂಗಿ ಪ್ರಯೋಗದ ತುದಿ ಎನ್ನಬೇಕು. ‘ದಿ ಆರ್ಬ್’ ಎಂಬ ತಂಡ ಸುಮಾರು 40 ನಿಮಿಷಗಳ ಸಿಂಗಲ್ ಬಿಟ್ಟು ಜನಪ್ರಿಯ ಪಟ್ಟಿ ಹತ್ತಿದ್ದ ವರ್ಷವದು. ರಾತ್ರಿಯಿಡೀ ಕುಣಿದವರು ಬೆಳಗಿನ ಜಾವ ಮಲಗಿಕೊಂಡು ಕೇಳುವ ಆ್ಯಂಬಿಯೆಂಟ್ ಸಂಗೀತಕ್ಕೆ ಮಾರುಕಟ್ಟೆಯೇ ಹುಟ್ಟಿತ್ತು. ವಿಲ್ಸನ್ 30 ನಿಮಿಷಗಳ ರಚನೆಯೊಂದನ್ನು ಎರಡು ಭಾಗವಾಗಿ ಕಟ್ಟಿ, ಎಲ್‌ಎಸ್‌ಡಿ ಕುರಿತ ಹಳೆಯ ಧ್ವನಿಮುದ್ರಿಕೆಗಳ ಮಾತಿನ ತುಣುಕುಗಳನ್ನು ಅದರೊಳಗೆ ಹೆಣೆದ. ರೇಡಿಯೊದಲ್ಲಿ ಅದನ್ನು ಯಾರೂ ಹಾಕಲಿಲ್ಲ. ಆದರೂ ಬ್ರಿಟನ್ನಿನ ‘ಎನ್‌ಎಂಇ’ ಪತ್ರಿಕೆಯ ಇಂಡೀ ಪಟ್ಟಿಯಲ್ಲಿ ಅದು 6 ವಾರ ನಿಂತಿತು. 1993ರಲ್ಲಿ ಬಂದ ‘ಅಪ್ ದ ಡೌನ್‌ಸ್ಟೇರ್’ ಆಲ್ಬಮ್ಮೂ ಹೆಚ್ಚುಕಡಿಮೆ ಇದೇ ಕೋಣೆಯ ಕೂಸು. ಆದರೆ ಅತಿಥಿಗಳಾಗಿ ಇಬ್ಬರ ಹೆಸರು ಅದರಲ್ಲಿ ಕಾಣಿಸಿಕೊಂಡಿತು. ಒಬ್ಬರು ಬಾರ್ಬಿಯೇರಿ, ಮತ್ತೊಬ್ಬ ಬೇಸ್ ಗಿಟಾರಿನ ಕಾಲಿನ್ ಎಡ್ವಿನ್, ವಿಲ್ಸನ್‌ನ ಹಳೆಯ ಗೆಳೆಯ.

ಹವ್ಯಾಸ ಹೀಗೆ ಕಸುಬನ್ನೇ ಮೀರಿ ಬೆಳೆಯತೊಡಗಿದಾಗ ಒಂದು ಇಕ್ಕಟ್ಟು ಎದುರಾಯಿತು. ಕೊಳ್ಳುವವರು ಹೆಚ್ಚಿದರು, ಅವರಿಗೆಲ್ಲ ಈ ಸಂಗೀತವನ್ನು ಎದುರಿಗೆ ಕೂತು ಕೇಳುವ ಆಸೆ. ಟೇಪನ್ನು ಹಿಂದಕ್ಕೆ ಸುತ್ತಿ ಐದು ವಾದ್ಯ ನುಡಿಸುವುದು ಕೋಣೆಯಲ್ಲಿ ನಡೆದೀತು, ವೇದಿಕೆಯಲ್ಲಿ ನಡೆಯದು. ಬಾರ್ಬಿಯೇರಿ ಮತ್ತು ಎಡ್ವಿನ್ ಜೊತೆಗೆ ಡ್ರಮ್ಸ್ ನುಡಿಸಲು ಕ್ರಿಸ್ ಮೈಟ್‌ಲಂಡ್ ಬಂದ. 1993ರ ಡಿಸೆಂಬರ್ 4ರಂದು ಹೈ ವಿಕಮ್ ಊರಿನ ‘ನ್ಯಾಗ್ಸ್ ಹೆಡ್’ ಎಂಬ ಪಬ್ಬಿನಲ್ಲಿ, ಸುಮಾರು 200 ಜನರ ಮುಂದೆ, ಪಾರ್ಕ್ಯುಪೈನ್ ಟ್ರೀ ಮೊದಲ ಸಲ ನಾಲ್ಕು ಜನ ಮನುಷ್ಯರಾಗಿ ನಿಂತಿತು. ಕಟ್ಟುಕಥೆ ಹುಟ್ಟಿ ಆರು ವರ್ಷ ಕಳೆದಿತ್ತು.

ಈ ಬ್ಯಾಂಡಿನ ಚರಿತ್ರೆ ಬರೆದವರೂ ಅಭಿಮಾನಿಗಳೂ ಬೇರೆ ಬೇರೆ ದಾರಿ ಹಿಡಿಯುವುದು ಇಲ್ಲಿಯೇ. ಪಾರ್ಕ್ಯುಪೈನ್ ಟ್ರೀ ಬ್ಯಾಂಡಾದದ್ದು ಯಾವಾಗ? ಆ ಡಿಸೆಂಬರ್ ರಾತ್ರಿಯೇ ಎಂಬುದು ಒಂದು ವಾದ. ನಾಲ್ವರೂ ಆದಿಯಿಂದ ಅಂತ್ಯದವರೆಗೆ ನುಡಿಸಿದ ಮೊದಲ ಆಲ್ಬಮ್ ‘ಸಿಗ್ನಿಫೈ’, ಅದು ಬಂದದ್ದು 1996ರಲ್ಲಿ, ಆದ್ದರಿಂದ ಅದೇ ಹುಟ್ಟುದಿನ ಎಂಬುದು ಇನ್ನೊಂದು. ವಿಲ್ಸನ್‌ನೇ ಯಜಮಾನ, ಅದು ಎಂದೂ ಬ್ಯಾಂಡಾಗಲಿಲ್ಲ ಎನ್ನುವವರೂ ಇದ್ದಾರೆ. ಹಾಡು ಬರೆದವನು, ಹಾಡಿದವನು, ಮುದ್ರಣದ ಮೇಲ್ವಿಚಾರಣೆ ನಡೆಸಿದವನು ಒಬ್ಬನೇ ಆಗಿರುವಾಗ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ನನ್ನ ಮಟ್ಟಿಗೆ ಆ ತಿರುವು 1994ರಲ್ಲಿ ‘ಮೂನ್‌ಲೂಪ್’ ಎಂಬ ರಚನೆಯಲ್ಲಿದೆ. ನ್ಯಾಗ್ಸ್ ಹೆಡ್‌ನಲ್ಲಿ ಉಳಿದ ಮೂವರು ನುಡಿಸಿದ್ದು ವಿಲ್ಸನ್ ಅದಾಗಲೇ ಟೇಪಿಗೆ ಇಳಿಸಿದ್ದನ್ನು. ಅವರು ಎಷ್ಟೇ ಚೆನ್ನಾಗಿ ನುಡಿಸಿದ್ದರೂ ದಾರಿ ಮೊದಲೇ ಹಾಕಿತ್ತು. ‘ಮೂನ್‌ಲೂಪ್’ ಅನ್ನು ಯಾರೂ ಬರೆದಿರಲಿಲ್ಲ. ನಾಲ್ವರು ಕೂತು ಮನೋಧರ್ಮದಿಂದ ನುಡಿಸುತ್ತ ಹೋದದ್ದನ್ನು ಟೇಪು ಹಿಡಿದಿಟ್ಟಿತು. ಕೇಳಿ ನೋಡಿ. ಎಡ್ವಿನ್‌ನ ಬೇಸ್ ಒಂದೇ ಸಾಲನ್ನು ಹಟ ಹಿಡಿದು ಸುತ್ತುತ್ತದೆ. ಅದರ ಸುತ್ತ ಬಾರ್ಬಿಯೇರಿಯ ಸದ್ದುಗಳು ಮಂಜಿನ ಹಾಗೆ ಕವಿದು ಚೆದುರುತ್ತವೆ. ಡ್ರಮ್ಸ್ ಎಲ್ಲಿ ಏರಬೇಕೆಂದು ಮೈಟ್‌ಲಂಡ್ ಆ ಗಳಿಗೆಯಲ್ಲೇ ನಿರ್ಧರಿಸುತ್ತಾನೆ. ವಿಲ್ಸನ್‌ನ ಗಿಟಾರು ಬಹಳ ಹೊತ್ತು ಕಾಯುತ್ತದೆ. ತನ್ನ ಕೋಣೆಯಲ್ಲಿ ಅವನು ಯಾರಿಗೂ ಕಾಯಬೇಕಿರಲಿಲ್ಲ. ಕರ್ತೃಗಳ ಜಾಗದಲ್ಲಿ ನಾಲ್ಕೂ ಹೆಸರುಗಳು ಅಚ್ಚಾದವು.

1995ರ ‘ದ ಸ್ಕೈ ಮೂವ್ಸ್ ಸೈಡ್‌ವೇಸ್’ ಆಲ್ಬಮ್ಮು ಈ ಸ್ಥಿತ್ಯಂತರವನ್ನು ಮೈಮೇಲೆಯೇ ಹೊತ್ತಿದೆ. ಕೆಲವು ಭಾಗ ಏಕಾಂಗಿ ಕಾಲದ್ದು, ಕೆಲವು ನಾಲ್ವರದ್ದು. ಎರಡು ಭಾಗಗಳ ಶೀರ್ಷಿಕೆಗೀತೆ ಅರ್ಧ ಗಂಟೆ ಮೀರುತ್ತದೆ. ವಿಮರ್ಶಕರು ಒಕ್ಕೊರಲಿನಿಂದ ಪಿಂಕ್ ಫ್ಲಾಯ್ಡ್ ಹೆಸರೆತ್ತಿದರು, ಆ ಹೋಲಿಕೆ ವಿಲ್ಸನ್‌ನನ್ನು ವರ್ಷಗಟ್ಟಲೆ ಕಾಡಿತು. ಹಳೆಯವರ ನೆರಳಿನಿಂದ ಹೊರಬರಲು ಅವನಿಗೆ ನೆರವಾದದ್ದು ಜೊತೆಗಾರರೇ. ‘ಸಿಗ್ನಿಫೈ’ನಲ್ಲಿ ಮೈಟ್‌ಲಂಡ್ ಒಬ್ಬನೇ ರಚಿಸಿದ ಒಂದು ತುಣುಕಿದೆ, ಎಡ್ವಿನ್ ಜೊತೆಗೂಡಿ ಬರೆದದ್ದಿದೆ, ನಾಲ್ವರೂ ಕಟ್ಟಿದ್ದಿದೆ. ಕೀಲಿಕೊಟ್ಟ ಹಾಗೆ ಓಡುತ್ತಿದ್ದ ಡ್ರಮ್ ಮಷೀನಿನ ಜಾಗದಲ್ಲಿ ಮೈ ಇರುವ ತಾಳ ಬಂದಿತ್ತು. ಹಾಡು ಬಿಗಿಯಾಯಿತು, ಚಿಕ್ಕದಾಯಿತು.

ಸ್ವಂತ ನಾಡಿನ ಪತ್ರಿಕೆಗಳು ಬ್ರಿಟ್‌ಪಾಪ್‌ನ ಗದ್ದಲದಲ್ಲಿ ಮುಳುಗಿದ್ದಾಗ ಈ ಬ್ಯಾಂಡನ್ನು ಎದೆಗವಚಿಕೊಂಡದ್ದು ಇಟಲಿ. 1997ರ ಮಾರ್ಚ್‌ನಲ್ಲಿ ರೋಮ್‌ನ ‘ಫ್ರಾಂಟಿಯೆರಾ’ದಲ್ಲಿ ನಡೆದ ಕಛೇರಿಗಳ ಧ್ವನಿಮುದ್ರಣ ‘ಕೋಮಾ ಡಿವೈನ್’ ಎಂಬ ಆಲ್ಬಮ್ಮಾಯಿತು. ಅದರಲ್ಲಿ ‘ರೇಡಿಯೊಆ್ಯಕ್ಟಿವ್ ಟಾಯ್’ ಕೂಡ ಇದೆ. ಕೋಣೆಯಲ್ಲಿ ಹುಟ್ಟಿದ ಮೂಲ ರೂಪವನ್ನೂ ಇದನ್ನೂ ಒಂದರ ಹಿಂದೊಂದು ಕೇಳಿದರೆ ಹತ್ತು ವರ್ಷಗಳ ಚರಿತ್ರೆ ಕಿವಿಗೇ ತಿಳಿಯುತ್ತದೆ. ರೋಮ್‌ನದು ಮೂಲಕ್ಕಿಂತ ಉದ್ದ, ಮೂಲಕ್ಕಿಂತ ಸಾವಧಾನ. ನಡುವೆ ಹಾಡು ಹೆಚ್ಚುಕಡಿಮೆ ನಿಂತೇಹೋಗುತ್ತದೆ, ಜನರ ಉಸಿರಿಗೆ ಜಾಗ ಕೊಟ್ಟು ಮತ್ತೆ ಎದ್ದು ನಿಲ್ಲುತ್ತದೆ.

ಡೆಲೀರಿಯಂ ಬಿಟ್ಟ ನಂತರದ ‘ಸ್ಟುಪಿಡ್ ಡ್ರೀಮ್’ (1999), ‘ಲೈಟ್‌ಬಲ್ಬ್ ಸನ್’ (2000) ಆಲ್ಬಮ್ಮುಗಳಲ್ಲಿ ಹಾಡುಗಾರಿಕೆ ಮುಂದೆ ಬಂತು, ಪ್ರಯೋಗ ಹಿಂದೆ ಸರಿಯಿತು. ಹಳೆಯ ಕೇಳುಗರಲ್ಲಿ ಕೆಲವರು ಮುನಿಸಿಕೊಂಡರು. ಅಷ್ಟರಲ್ಲಿ ಸ್ವೀಡನ್ನಿನ ಒಂದು ಸಂಪರ್ಕ ಎಲ್ಲವನ್ನೂ ತಿರುಗಿಸಿತು. ಅಲ್ಲಿನ ಮೆಟಲ್ ಬ್ಯಾಂಡ್ ‘ಓಪೆತ್’ನ ಮಿಕಾಯೆಲ್ ಓಕರ್‌ಫೆಲ್ಟ್ ವಿಲ್ಸನ್‌ನನ್ನು ನಿರ್ಮಾಪಕನಾಗಿ ಕರೆದ. 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಅದರ ಫಲ. ಬಾಲ್ಯದಲ್ಲಿ ಕೇಳಿ ಬಿಟ್ಟಿದ್ದ ಮೆಟಲ್ ಸಂಗೀತದ ರುಚಿ ವಿಲ್ಸನ್‌ಗೆ ಮತ್ತೆ ಹತ್ತಿತು.

2002ರ ಫೆಬ್ರವರಿಯಲ್ಲಿ ಮೈಟ್‌ಲಂಡ್ ಹೊರನಡೆದ. ಅವನ ಜಾಗಕ್ಕೆ ಬಂದವರು ಗ್ಯಾವಿನ್ ಹ್ಯಾರಿಸನ್. ಲಯದ ಭ್ರಮೆಗಳ ಬಗ್ಗೆಯೇ ಪುಸ್ತಕ ಬರೆದಿದ್ದ ವಾದಕ, ಬಾರ್ಬಿಯೇರಿಯ ಹಳೆಯ ಪರಿಚಯ. ಮೊದಲಿಗೆ ಬಂದದ್ದು ಧ್ವನಿಮುದ್ರಣಕ್ಕೆಂದು, ಆದರೆ ಬಂದವರು ಉಳಿದುಕೊಂಡರು. ನಮ್ಮ ಕಛೇರಿಗಳಲ್ಲಿ ಮೃದಂಗಕ್ಕೆ ಬೇರೆ ವಿದ್ವಾಂಸರು ಕೂತರೆ ಅದೇ ಗಾಯಕರ ಸ್ವರಕಲ್ಪನೆಯ ನಡೆಯೇ ಬದಲಾಗುವುದನ್ನು ಕಂಡಿದ್ದೇವೆ. ಇಲ್ಲಿ ಆದದ್ದೂ ಅದೇ. ನ್ಯೂಯಾರ್ಕಿನಲ್ಲಿ ಮುದ್ರಣಗೊಂಡ ‘ಇನ್ ಆ್ಯಬ್ಸೆನ್ಷಿಯಾ’ (2002) ಆಲ್ಬಮ್ಮಿನ ‘ದ ಸೌಂಡ್ ಆಫ್ ಮ್ಯೂಜಾಕ್’ ಹಾಡನ್ನು ಕೈಯಲ್ಲಿ ತಾಳ ಹಾಕಿಕೊಂಡು ಕೇಳಬೇಕು. ಅದು ಏಳರ ಎಣಿಕೆಯಲ್ಲಿ ನಡೆಯುತ್ತದೆ. ಹ್ಯಾರಿಸನ್ ಏಟುಗಳನ್ನು ಎಷ್ಟು ಸಲೀಸಾಗಿ ಹಂಚುತ್ತಾರೆಂದರೆ, ಎಣಿಸದೆ ಕೇಳುವವರಿಗೆ ಸಾದಾ ಹಾಡಿನಷ್ಟೇ ಹಗುರಾಗಿ ತೇಲಿಹೋಗುತ್ತದೆ. ಎಣಿಸಿದರೆ ಮಾತ್ರ ಕೈ ತಪ್ಪುತ್ತದೆ. ಆ ಆಲ್ಬಮ್ಮು ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ನಾಲ್ವರ ನುಡಿಕೆಯನ್ನು ವೇದಿಕೆಯಲ್ಲಿ ತುಂಬಿಕೊಡಲು ಜಾನ್ ವೆಸ್ಲಿ ಎಂಬ ಇನ್ನೊಬ್ಬ ಗಿಟಾರಿಸ್ಟನೂ ಪ್ರವಾಸಗಳಲ್ಲಿ ಜೊತೆಯಾದ.

ಈ ಕಾಲದ ಒಂದು ಕೆಲಸದ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಾರೆ. 2005ರಲ್ಲಿ ‘ಅಪ್ ದ ಡೌನ್‌ಸ್ಟೇರ್’ ಮರುಬಿಡುಗಡೆಯಾದಾಗ ಅದರಲ್ಲಿದ್ದ ಡ್ರಮ್ ಮಷೀನಿನ ತಾಳಗಳನ್ನು ಅಳಿಸಿ ಅಲ್ಲಿ ಹ್ಯಾರಿಸನ್ ಅವರ ಡ್ರಮ್ಸ್ ತುಂಬಿದರು. 1993ರಲ್ಲಿ ಡ್ರಮ್ಸ್ ನುಡಿಸಲು ಯಾರೂ ಇಲ್ಲದಿದ್ದ ಕೋಣೆಗೆ 12 ವರ್ಷ ತಡವಾಗಿ ಒಬ್ಬ ಜೊತೆಗಾರ ಬಂದು ಕೂತಂತಾಯಿತು. ಮೂಲವನ್ನು ಹಾಗೇ ಬಿಡಬೇಕಿತ್ತು, ಯಂತ್ರದ ಆ ಒಣ ತಾಳಕ್ಕೂ ಅದರದೇ ಮೋಡಿಯಿತ್ತು ಎಂದು ವಾದಿಸುವವರಿದ್ದಾರೆ. ಎರಡನ್ನೂ ಕೇಳಿದ ಮೇಲೆ ನನಗೆ ಮೂಲವೇ ಹೆಚ್ಚು ಪ್ರಿಯ. ಒಬ್ಬನೇ ಮಾಡಿದ ಸಂಗೀತ ಒಬ್ಬನೇ ಮಾಡಿದ್ದೆಂದು ಕೇಳಿಸಬೇಕು. ಆದರೂ ವಿಲ್ಸನ್‌ಗೆ ಹಾಗೆ ತಿದ್ದಬೇಕೆನಿಸಿತಲ್ಲ, ಯಂತ್ರದ ಜೊತೆ ನುಡಿಸುವುದು ಅವನಿಗೆ ಅಷ್ಟು ಅಸಹನೀಯವಾಗಿತ್ತು ಎಂಬುದು ಆ ಬದಲಾವಣೆಯಿಂದ ಗೊತ್ತಾಗುತ್ತದೆ.

2007ರ ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ ಹೊತ್ತಿಗೆ ಕೆಲಸದ ಕ್ರಮವೇ ತಲೆಕೆಳಗಾಗಿತ್ತು. ಆ ಆಲ್ಬಮ್ಮಿನ ಹಾಡುಗಳನ್ನು 2006ರ ಕಛೇರಿಗಳಲ್ಲಿ ಮೊದಲೇ ಜನರ ಮುಂದೆ ನುಡಿಸಿ, ತಿದ್ದಿ, ಆಮೇಲೆ ಸ್ಟುಡಿಯೋಗೆ ಒಯ್ದರು. ಕೋಣೆಯಲ್ಲಿ ಮುಗಿಸಿ ವೇದಿಕೆಗೆ ತರುವ ಕಾಲ ಹೋಗಿ ವೇದಿಕೆಯಲ್ಲಿ ಹದಗೊಳಿಸಿ ಮುದ್ರಿಸುವ ಕಾಲ ಬಂದಿತ್ತು. ಅದರ ‘ಅನೆಸ್ತಟೈಜ್’ ಹಾಡು 17 ನಿಮಿಷ ಮೀರುತ್ತದೆ, ‘ವೇ ಔಟ್ ಆಫ್ ಹಿಯರ್’ಗೆ ನಾಲ್ವರೂ ಕರ್ತೃಗಳು. 2009ರ ‘ದಿ ಇನ್ಸಿಡೆಂಟ್’ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ 25ರೊಳಗೆ ಬಂತು. ಅದೇ ಡಿಸೆಂಬರಿನಲ್ಲಿ ಮುಂಬೈ ಐಐಟಿಯ ‘ಮೂಡ್ ಇಂಡಿಗೊ’ ಉತ್ಸವದ ವೇದಿಕೆಗೂ ಅವರು ಬಂದರು.

ಏರುಗತಿ ಹೀಗಿರುವಾಗಲೇ ಕಥೆ ನಿಂತಿತು. 2010ರ ಅಕ್ಟೋಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಛೇರಿ ಮುಗಿಸಿ ಅವರು ಚದುರಿದರು. ಜಗಳವೆಂದು ಸುದ್ದಿಯಾಗುವಂಥದ್ದೇನೂ ನಡೆಯಲಿಲ್ಲ. 2008ರಲ್ಲೇ ‘ಇನ್ಸರ್ಜೆಂಟೀಸ್’ ಎಂಬ ಆಲ್ಬಮ್ಮನ್ನು ಸ್ವಂತ ಹೆಸರಿನಲ್ಲಿ ತಂದಿದ್ದ ವಿಲ್ಸನ್ ಆ ದಾರಿಯಲ್ಲೇ ನಡೆದ. ಬ್ಯಾಂಡೆಂದರೆ ಕೇಳುಗರಿಗೆ ಒಂದು ನಿರೀಕ್ಷೆ ಇರುತ್ತದೆ, ಒಂದು ಶೈಲಿಯ ಗೆರೆ ಇರುತ್ತದೆ. ಮನೆಯೊಳಗಿನ ಹುಡುಗನಿಗೆ ಅಂಥ ಗೆರೆ ಇರಲಿಲ್ಲ. ಜಾಸ್, ಪಾಪ್, ಎಲೆಕ್ಟ್ರಾನಿಕ್ ಎಂದು ಮನಸ್ಸು ಎಳೆದತ್ತ ಹೋಗುವ ಆ ಹಳೆಯ ಸ್ವಾತಂತ್ರ್ಯ ಅವನಿಗೆ ಮತ್ತೆ ಬೇಕಾಗಿತ್ತು. ಯಾವುದನ್ನು ಬಿಟ್ಟು ಬ್ಯಾಂಡು ಕಟ್ಟಿದನೋ ಅದನ್ನೇ ಬ್ಯಾಂಡು ಬಿಟ್ಟು ಪಡೆಯಬೇಕಾಯಿತು.

2021ರ ನವೆಂಬರ್ 1ರಂದು ಮರಳಿ ಬರುವ ಸುದ್ದಿ ಹೊರಬಿತ್ತು, 2022ರ ಜೂನ್ 24ರಂದು ‘ಕ್ಲೋಶರ್/ಕಂಟಿನ್ಯುಯೇಷನ್’ ಬಂತು. ಈ ಹಾಡುಗಳಲ್ಲಿ ಕೆಲವು ಮೊಳೆತದ್ದು ಬ್ಯಾಂಡು ಚದುರಿದ ಎರಡು ವರ್ಷಕ್ಕೇ. ಹ್ಯಾರಿಸನ್ ಮನೆಗೆ ಹೋಗಿದ್ದ ವಿಲ್ಸನ್ ಅಲ್ಲಿದ್ದ ಬೇಸ್ ಗಿಟಾರು ಎತ್ತಿಕೊಂಡು ಡ್ರಮ್ಸ್ ಜೊತೆ ನುಡಿಸುತ್ತ ಹೋದದ್ದರಿಂದ ಅವು ಹುಟ್ಟಿದವು. ಹೆಚ್ಚಿನ ಹಾಡುಗಳಲ್ಲಿ ವಿಲ್ಸನ್ ಜೊತೆ ಹ್ಯಾರಿಸನ್ ಇಲ್ಲವೇ ಬಾರ್ಬಿಯೇರಿ ಹೆಸರಿದೆ. ಒಬ್ಬನೇ ಕರ್ತೃವಾಗಿದ್ದ ಕಾಲಕ್ಕೆ ಹೋಲಿಸಿದರೆ ಇದಕ್ಕಿಂತ ಹೆಚ್ಚು ಬ್ಯಾಂಡಾಗಿ ಪಾರ್ಕ್ಯುಪೈನ್ ಟ್ರೀ ಎಂದೂ ಇರಲಿಲ್ಲ. ಬ್ರಿಟನ್ನಿನಲ್ಲಿ ಆಲ್ಬಮ್ಮು 2ನೇ ಸ್ಥಾನಕ್ಕೇರಿತು, ಜರ್ಮನಿಯಲ್ಲಿ ಮೊದಲನೆಯದಕ್ಕೆ.

ಆದರೆ ಕಾಲಿನ್ ಎಡ್ವಿನ್ ಇರಲಿಲ್ಲ. ಬೇಸ್ ಭಾಗಗಳನ್ನೆಲ್ಲ ವಿಲ್ಸನ್‌ನೇ ನುಡಿಸಿದ್ದ. ವಿಲ್ಸನ್ ಬೇಸನ್ನು ಗಿಟಾರಿಸ್ಟನ ಕೈಯಿಂದ ನುಡಿಸುತ್ತಾನೆ, ಚುರುಕಾಗಿ, ಮುಂದೆ ನುಗ್ಗಿ. ಆಲ್ಬಮ್ಮಿನ ಮೊದಲ ಹಾಡು ‘ಹ್ಯಾರಿಡನ್’ಗೆ ಆ ನುಗ್ಗುವಿಕೆಯೇ ಜೀವ, ಅದನ್ನು ಬೇರೆ ಯಾರ ಕೈಯಲ್ಲೂ ಊಹಿಸಿಕೊಳ್ಳಲಾಗದು. ಆದರೂ ‘ಮೂನ್‌ಲೂಪ್’ನಲ್ಲಿ ಒಂದೇ ಸಾಲನ್ನು ಕದಲದೆ ಹಿಡಿದು ಉಳಿದ ಮೂವರಿಗೆ ಅಲೆದಾಡಲು ನೆಲ ಕೊಟ್ಟವನು ಎಡ್ವಿನ್. ಆ ಸಂಯಮ ಹೊಸ ಆಲ್ಬಮ್ಮಿನಲ್ಲಿಲ್ಲ. ಆ ವರ್ಷದ ಪ್ರವಾಸದಲ್ಲಿ ಮೂವರ ಜೊತೆ ಬೇಸ್ ನುಡಿಸಲು ನೇಟ್ ನವಾರೊ, ಗಿಟಾರಿಗೆ ರ‍್ಯಾಂಡಿ ಮೆಕ್‌ಸ್ಟೈನ್ ಇದ್ದರು. 2023ರಲ್ಲಿ ವಿಲ್ಸನ್ ಮತ್ತೆ ತನ್ನೊಬ್ಬನ ಹೆಸರಿನಲ್ಲಿ ‘ದ ಹಾರ್ಮನಿ ಕೋಡೆಕ್ಸ್’ ತಂದ.